ಒಂದಕ್ಷರ ಹಿಂದೆ ಸರಿದರೆ

ನಮ್ಮ ಪ್ರಾಚೀನ ಶಾಸನಗಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿದೆ. ಕಲ್ಲಿನ ಮೇಲೆ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಸಾಲಾಗಿ ನಿಂತಿರುತ್ತವೆ. ಪದಕ್ಕೂ ಪದಕ್ಕೂ ನಡುವೆ ಎಡೆ ಇರುವುದಿಲ್ಲ. ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಇನ್ನೊಂದು ಮೊದಲಾಯಿತು ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಪದಚ್ಛೇದ ತಪ್ಪಿತೋ, ಅರ್ಥ ಕೆಟ್ಟಿತು. ನಮ್ಮ ಕವಿಗಳು ಈ ಅಪಾಯವನ್ನೇ ಅಲಂಕಾರವನ್ನಾಗಿ ಮಾಡಿಕೊಂಡರು. ಒಂದೇ ಅಕ್ಷರಮಾಲೆಯನ್ನು ಎರಡು ಬಗೆಯಾಗಿ ಬಿಡಿಸಿ ಎರಡು ಅರ್ಥಗಳನ್ನು ಹೊರಡಿಸುವುದಕ್ಕೆ ಸಭಂಗಶ್ಲೇಷವೆಂದು ಹೆಸರಿಟ್ಟರು. ಈ ದಿನ ನಾನು ಹೇಳಹೊರಟಿರುವುದು ಕಾವ್ಯದ ಶ್ಲೇಷದ ಮಾತನ್ನಲ್ಲ, ಜೀವಕೋಶದೊಳಗೆ ನಡೆಯುವ ಶ್ಲೇಷದ ಮಾತನ್ನು. ನಮ್ಮ ಕೋಲಾರ ಜಿಲ್ಲೆಯ ಮಕ್ಕಳನ್ನು ಕಾಡಿದ ಒಂದು ಜ್ವರದ ಕಥೆಯೊಡನೆ ಅದು ಹೆಣೆದುಕೊಂಡಿರುವುದರಿಂದ, ಕೇಳುಗರಿಗೆ ಈ ವಿಷಯ ತೀರ ದೂರದ್ದೆಂದು ತೋರಲಾರದೆಂದು ನಂಬಿದ್ದೇನೆ.

ನಾನು ಊರಿಗಾಮಿನಲ್ಲಿ ಬೆಳೆದವನು. ಬಹುಕಾಲ ಜೀವಶಾಸ್ತ್ರವನ್ನು ಬೋಧಿಸಿದವನು. ನಮ್ಮ ಊರೆಂದರೆ ಹೊರಗಿನವರಿಗೆ ಚಿನ್ನವೊಂದೇ ನೆನಪಾಗುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿ ಊರಿಗಾಂ ಒಂದು ಸಣ್ಣ ನಿಲ್ದಾಣ. ಸುತ್ತಮುತ್ತ ಸೈನೈಡ್ ದಿಬ್ಬಗಳು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಇಲ್ಲಿಯ ಗಣಿಗಳಿಗೆ ಬಂದದ್ದು, 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿಹೋದದ್ದು, ಎರಡೂ ಎಲ್ಲರಿಗೂ ತಿಳಿದ ಇತಿಹಾಸ. ಆದರೆ ಈ ನೆಲದ ಹೆಸರು ಜಗತ್ತಿನ ವಿಜ್ಞಾನದಲ್ಲಿ ಎರಡು ಬಾರಿ ದಾಖಲಾಗಿದೆಯೆಂಬುದನ್ನು ಬಹಳ ಮಂದಿ ಅರಿಯರು. ಮೊದಲನೆಯದು 1965ರಲ್ಲಿ: ಗಣಿಯ ಆಳದಲ್ಲಿ ಇರಿಸಿದ್ದ ಉಪಕರಣಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ಹಿಡಿದವು. ಎರಡನೆಯದು ನೆಲದಡಿಯಿಂದ ಬಂದದ್ದಲ್ಲ, ಕಾಯಿಲೆಯ ಹಾಸಿಗೆಯಿಂದ ಬಂದದ್ದು. ನನ್ನ ಮಾತು ಆ ಎರಡನೆಯದನ್ನು ಕುರಿತದ್ದು.

ಜಪಾನೀಸ್ ಎನ್ಸೆಫಲೈಟಿಸ್ ಎಂಬ ರೋಗವನ್ನು ನಮ್ಮ ಜನ ಮೆದುಳು ಜ್ವರವೆನ್ನುತ್ತಾರೆ. ಅದರ ವೈರಸ್ಸಿನ ನೆಲೆ ಬೆಳ್ಳಕ್ಕಿ, ಕೊಕ್ಕರೆ ಮೊದಲಾದ ನೀರುಹಕ್ಕಿಗಳಲ್ಲಿ. ಅದು ಹೇರಳವಾಗಿ ವೃದ್ಧಿಯಾಗುವುದು ಹಂದಿಗಳಲ್ಲಿ. ಅದನ್ನು ಹೊತ್ತು ತರುವುದು ಬತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಮನುಷ್ಯ ಈ ಚಕ್ರದಲ್ಲಿ ಅಕಸ್ಮಾತ್ತಾಗಿ ಸಿಕ್ಕಿಬೀಳುವವನು. ಅವನಿಂದ ಮುಂದಕ್ಕೆ ರೋಗ ಹರಡುವುದಿಲ್ಲ. ಭಾರತದಲ್ಲಿ ಈ ರೋಗ ಮೊದಲು ಗುರುತಿಗೆ ಬಂದದ್ದು 1955ರಲ್ಲಿ, ನಮ್ಮ ಗಡಿಗೆ ಸಮೀಪದ ವೇಲೂರಿನಲ್ಲಿ. 1970ರ ದಶಕದ ಕೊನೆಯ ಹೊತ್ತಿಗೆ ಕೆರೆಗಳ ನಾಡಾದ ಕೋಲಾರ ಜಿಲ್ಲೆ ಇದರ ಹೊಡೆತವನ್ನು ಕಂಡಿತು. ಆಗಿನ ಜಿಲ್ಲೆಯೆಂದರೆ ಇಂದಿನ ಚಿಕ್ಕಬಳ್ಳಾಪುರವೂ ಸೇರಿದ ದೊಡ್ಡ ಜಿಲ್ಲೆ. ಕೋಲಾರದಲ್ಲಿ ಮೆದುಳು ಜ್ವರದಿಂದ ತೀರಿಕೊಂಡವರಿಂದ ಈ ವೈರಸ್ಸನ್ನೂ, ಇದರ ಹತ್ತಿರದ ಬಂಧುವಾದ ವೆಸ್ಟ್ ನೈಲ್ ವೈರಸ್ಸನ್ನೂ ಬೇರ್ಪಡಿಸಿದ ವರದಿ 1987ರಲ್ಲಿ ಪ್ರಕಟವಾಯಿತು.

ಈ ರೋಗದ ಕ್ರೌರ್ಯ ಅದರ ಲೆಕ್ಕದಲ್ಲಿದೆ. ವೈರಸ್ಸು ಹೊಕ್ಕ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ತೀವ್ರವಾದ ಕಾಯಿಲೆ. ಉಳಿದವರಿಗೆ ಸೋಂಕು ತಗಲಿದ್ದೇ ತಿಳಿಯದಿರಬಹುದು. ಆದರೆ ಆ ಒಬ್ಬರ ಮೆದುಳಿಗೆ ಅದು ಏರಿದರೆ, ಅಂಥವರಲ್ಲಿ ನೂರಕ್ಕೆ 30ರವರೆಗೆ ಸಾವು ಸಂಭವಿಸುತ್ತದೆ. ಉಳಿದುಕೊಂಡವರಲ್ಲಿಯೂ ನೂರಕ್ಕೆ 30ರಿಂದ 50 ಮಂದಿಗೆ ಮಾತು, ಚಲನೆ ಅಥವಾ ಬುದ್ಧಿಯ ಊನ ಶಾಶ್ವತವಾಗಿ ನಿಲ್ಲುತ್ತದೆ. ನನ್ನ ವಿದ್ಯಾರ್ಥಿಯೊಬ್ಬನ ತಮ್ಮ ಹೀಗೆ ಉಳಿದುಕೊಂಡವನು. ಜೀವ ಮರಳಿತು, ಮಾತು ಪೂರ್ತಿಯಾಗಿ ಮರಳಲಿಲ್ಲ. ಬಂಗಾರಪೇಟೆಯ ಬಳಿಯ ಅವರ ಹಳ್ಳಿಗೆ ನಾನು ಹೋಗಿದ್ದಾಗ ಅವನ ತಾಯಿ ಕೇಳಿದರು: "ಸೊಳ್ಳೆ ಎಲ್ಲಾರ್ನೂ ಕಚ್ತದೆ ಸಾರ್. ನಮ್ಮ ಹುಡುಗನ ತಲೆಗೇ ಯಾಕೆ ಏರ್ತು?" ಆ ಪ್ರಶ್ನೆಗೆ ಪೂರ್ಣವಾದ ಉತ್ತರ ಇಂದಿಗೂ ಯಾರ ಬಳಿಯೂ ಇಲ್ಲ. ಆದರೆ ವೈರಸ್ಸು ಮೆದುಳಿನ ದಾರಿಯನ್ನು ಹಿಡಿಯಲು ಬಳಸುವ ಉಪಾಯಗಳಲ್ಲಿ ಒಂದು ಈಗ ಗೊತ್ತಾಗಿದೆ. ಅದನ್ನು ತಿಳಿಯಬೇಕಾದರೆ ಜೀವಕೋಶ ಓದುವ ರೀತಿಯನ್ನು ಮೊದಲು ತಿಳಿಯಬೇಕು.

ಜೀವಕೋಶದ ಕೆಲಸವೆಲ್ಲ ಪ್ರೋಟೀನುಗಳಿಂದ ನಡೆಯುತ್ತದೆ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರ. ಯಾವ ಮಣಿಯ ನಂತರ ಯಾವ ಮಣಿ ಎಂಬ ಅಪ್ಪಣೆ ಆರ್‌ಎನ್‌ಎ ಎಂಬ ನೂಲಿನಂಥ ಅಣುವಿನಲ್ಲಿ ಬರೆದಿರುತ್ತದೆ. ಆ ಬರಹದ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರಗಳು: ಎ, ಯು, ಜಿ, ಸಿ. ಮೂರು ಮೂರು ಅಕ್ಷರಗಳ ಒಂದೊಂದು ಗುಂಪು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ನಾಲ್ಕು ಅಕ್ಷರಗಳಿಂದ ಇಂಥ ಗುಂಪುಗಳು 64 ಆಗುತ್ತವೆ. ಅವುಗಳಲ್ಲಿ ಮೂರು 'ಇಲ್ಲಿಗೆ ನಿಲ್ಲಿಸು' ಎನ್ನುವ ಪೂರ್ಣವಿರಾಮಗಳು. ಈ ಬರಹವನ್ನು ಓದಿ ಸರ ಪೋಣಿಸುವ ಯಂತ್ರವೇ ರೈಬೋಸೋಮು. ಅದರ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದ್ದಕ್ಕಾಗಿ 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಅಡಾ ಯೋನಾತ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಮೂರಕ್ಷರದ ಗುಂಪು ಎಂದೊಡನೆ ಛಂದಸ್ಸನ್ನು ಓದಿದವರಿಗೆ ಅಕ್ಷರಗಣಗಳ ನೆನಪಾಗದೆ ಇರದು. 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. 'ಯಮಾತಾ' ಎಂದು ಹಿಡಿದರೆ ಯಗಣ. ಒಂದಕ್ಷರ ಸರಿದು 'ಮಾತಾರಾ' ಎಂದರೆ ಮಗಣ. ಇನ್ನೊಂದಕ್ಷರ ಸರಿದು 'ತಾರಾಜ' ಎಂದರೆ ತಗಣ. ಹತ್ತೇ ಅಕ್ಷರಗಳಲ್ಲಿ ಎಂಟು ಗಣಗಳನ್ನೂ ಅಡಗಿಸಿದ ಸೂತ್ರ ಅದು. 1954ರಲ್ಲಿ ಜಾರ್ಜ್ ಗ್ಯಾಮೋ ಎಂಬ ಭೌತವಿಜ್ಞಾನಿ ಜೀವಲಿಪಿಯೂ ಹೀಗೆಯೇ ಒಂದರ ಮೇಲೊಂದು ಹಾಯ್ದಿರಬಹುದೆಂದು ಊಹಿಸಿದ. 1957ರಲ್ಲಿ ಸಿಡ್ನಿ ಬ್ರೆನ್ನರ್ ಅದು ಅಸಾಧ್ಯವೆಂದು ತೋರಿಸಿದ. ಜೀವಕೋಶ ಒಮ್ಮೆ ಓದಿದ ಅಕ್ಷರವನ್ನು ಮತ್ತೆ ಓದುವುದಿಲ್ಲ. ಮೂರನ್ನು ಓದಿ, ಮೂರನ್ನು ದಾಟಿ, ಮುಂದಿನ ಮೂರಕ್ಕೆ ಹೋಗುತ್ತದೆ. ಎಲ್ಲಿಂದ ಎಣಿಕೆ ಮೊದಲಾಯಿತೋ ಅದರ ಮೇಲೆ ಉಳಿದ ಇಡೀ ಓದು ನಿಂತಿರುತ್ತದೆ. ಇದನ್ನೇ ಓದಿನ ಚೌಕಟ್ಟು ಎನ್ನುತ್ತೇವೆ.

ಇದನ್ನು ಪ್ರಯೋಗದಿಂದ ಸಿದ್ಧಪಡಿಸಿದ ವರ್ಷ 1961. ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಬಾರ್ನೆಟ್, ಸಿಡ್ನಿ ಬ್ರೆನ್ನರ್, ವಾಟ್ಸ್-ಟೋಬಿನ್ ಈ ನಾಲ್ವರು ಬ್ಯಾಕ್ಟೀರಿಯಗಳನ್ನು ಕಾಡುವ ಒಂದು ವೈರಸ್ಸಿನ ಮೇಲೆ ಅದನ್ನು ನಡೆಸಿದರು. ಅವರು ಮಾಡಿದ್ದನ್ನು ಕನ್ನಡದ ಒಂದು ವಾಕ್ಯದಿಂದ ತೋರಿಸುತ್ತೇನೆ. 'ಅವನು ಮಗನ ಕರೆದು ಕವನ ಬರೆಸಿ ನಲಿದ.' ಇಲ್ಲಿಯ ಪದಗಳೆಲ್ಲ ಮೂರಕ್ಷರದವು. ಎಡೆಗಳನ್ನು ತೆಗೆದು, 'ಮಗನ' ಎಂಬುದರ ಮೊದಲಕ್ಷರವನ್ನು ಅಳಿಸಿ, ಮತ್ತೆ ಮೂರು ಮೂರಾಗಿ ಓದೋಣ: 'ಅವನು ಗನಕ ರೆದುಕ ವನಬ ರೆಸಿನ ಲಿದ.' ಅಳಿದದ್ದು ಒಂದಕ್ಷರ. ಕೆಟ್ಟದ್ದು ಅಲ್ಲಿಂದಾಚೆಯ ಎಲ್ಲ ಮಾತು. ಈಗ ಇನ್ನೂ ಎರಡಕ್ಷರಗಳನ್ನು, 'ಕರೆದು' ಎಂಬುದರ 'ರೆ'ಯನ್ನೂ 'ಕವನ'ದ 'ನ'ವನ್ನೂ ಅಳಿಸೋಣ: 'ಅವನು ಗನಕ ದುಕವ ಬರೆಸಿ ನಲಿದ.' ನಡುವಿನ ಎರಡು ಪದ ಹಾಳಾದರೂ ಬಾಲ ಮತ್ತೆ ಸರಿಹೋಯಿತು. ಒಂದು ಅಳಿಸಿದರೆ ಕೆಡುತ್ತದೆ, ಎರಡು ಅಳಿಸಿದರೂ ಕೆಡುತ್ತದೆ, ಮೂರು ಅಳಿಸಿದರೆ ಮಾತ್ರ ಓದು ದಾರಿಗೆ ಬರುತ್ತದೆ. ಆದ್ದರಿಂದ ಲಿಪಿ ಮೂರಕ್ಷರದ್ದೇ ಇರಬೇಕು. ತರ್ಕ ಇಷ್ಟು ಸರಳ, ಇಷ್ಟು ದೃಢ.

ಅಕ್ಷರ ಅಳಿದು ಚೌಕಟ್ಟು ತಪ್ಪುವುದು ಒಂದು ಬಗೆ. ಬರಹದಲ್ಲಿ ಯಾವ ದೋಷವೂ ಇಲ್ಲದಿರುವಾಗ ಓದುವ ಯಂತ್ರವೇ ಹೆಜ್ಜೆ ತಪ್ಪುವುದು ಇನ್ನೊಂದು ಬಗೆ. ಸಾಮಾನ್ಯವಾಗಿ ರೈಬೋಸೋಮು ಬಹು ಜಾಗರೂಕ ಪಾಠಕ. ಹತ್ತು ಸಾವಿರ ಹೆಜ್ಜೆಗಳಲ್ಲಿ ಒಮ್ಮೆ ತಪ್ಪುವುದೂ ಅಪರೂಪ. ತಪ್ಪಿದರೆ ಅರ್ಥವಿಲ್ಲದ ಸರವೊಂದು ಹುಟ್ಟುತ್ತದೆ, ಸ್ವಲ್ಪ ದೂರದಲ್ಲೇ ಪೂರ್ಣವಿರಾಮವೊಂದು ಎದುರಾಗಿ ಕೆಲಸ ನಿಲ್ಲುತ್ತದೆ, ಕೋಶ ಆ ಸರವನ್ನು ಒಡೆದುಹಾಕುತ್ತದೆ. ಆದರೆ ಕೆಲವು ಬರಹಗಳಲ್ಲಿ ಯಂತ್ರ ಜಾರಲೆಂದೇ ಒಂದು ತಾಣ ಸಿದ್ಧವಾಗಿರುತ್ತದೆ. ಅಲ್ಲಿ ಬಂದ ಯಂತ್ರಗಳಲ್ಲಿ ಒಂದು ಪಾಲು ನೇರವಾಗಿ ಹೋಗುತ್ತವೆ, ಒಂದು ಪಾಲು ಜಾರುತ್ತವೆ. ಒಂದೇ ಬರಹದಿಂದ ಎರಡು ಪ್ರೋಟೀನು ಹೊರಡುತ್ತವೆ. ಸಭಂಗಶ್ಲೇಷವೆಂದು ನಾನು ಕರೆದದ್ದು ಇದನ್ನೇ.

ಈಗ ನಮ್ಮ ಮೆದುಳು ಜ್ವರದ ವೈರಸ್ಸಿಗೆ ಬರೋಣ. ಅದರ ಆರ್‌ಎನ್‌ಎ ಸುಮಾರು 11,000 ಅಕ್ಷರಗಳ ಒಂದೇ ಸಾಲು. ನಮ್ಮ ಜೀವಕೋಶದ ರೈಬೋಸೋಮು ಅದನ್ನು ತನ್ನದೇ ಬರಹವೆಂಬಂತೆ ಓದಿ ಮೂರು ಸಾವಿರಕ್ಕೂ ಮಿಕ್ಕ ಅಮೈನೋ ಆಮ್ಲಗಳ ಒಂದು ಮಹಾಸರವನ್ನು ಪೋಣಿಸುತ್ತದೆ. ಬಳಿಕ ಆ ಸರ ತುಂಡುತುಂಡಾಗಿ ಹತ್ತು ಪ್ರೋಟೀನುಗಳಾಗುತ್ತದೆ. ಮೊದಲ ಮೂರು ವೈರಸ್ಸಿನ ಮೈಯನ್ನು ಕಟ್ಟುವವು. ಉಳಿದ ಏಳು ಅದರ ಸಂತಾನವೃದ್ಧಿಗೂ ನಮ್ಮ ದೇಹದ ರಕ್ಷಣೆಯನ್ನು ವಂಚಿಸುವುದಕ್ಕೂ ಒದಗುವವು. ಈ ಏಳರಲ್ಲಿ ಮೊದಲನೆಯದಕ್ಕೆ ಎನ್‌ಎಸ್-1 ಎಂದು ಹೆಸರು. ಅದರ ಬರಹ ಮುಗಿದು ಮುಂದಿನದು ಆರಂಭವಾದ ಕೆಲವೇ ಹೆಜ್ಜೆಗಳಲ್ಲಿ ಆ ಜಾರುವ ತಾಣವಿದೆ.

ಆ ತಾಣ ಏಳಕ್ಷರದ್ದು. ಮೊದಲನೆಯದು ಸಿ ಅಥವಾ ಯು. ಅನಂತರ ಸಿ, ಸಿ, ಯು, ಯು, ಯು, ಯು. ರೈಬೋಸೋಮು ಇದನ್ನು 'ಸಿಸಿಯು', 'ಯುಯುಯು' ಎಂದು ಬಿಡಿಸಿ ಓದುತ್ತದೆ. ಒಂದೊಂದು ಗುಂಪನ್ನೂ ಗುರುತಿಸಿ ತಕ್ಕ ಅಮೈನೋ ಆಮ್ಲವನ್ನು ತರುವ ಪುಟ್ಟ ವಾಹಕ ಅಣುಗಳಿವೆ. ಅವು ಮೂರು ಅಕ್ಷರಗಳನ್ನು ಮೂರು ಬೆರಳಿನಂತೆ ಹಿಡಿದಿರುತ್ತವೆ. 'ಯುಯುಯು'ವನ್ನು ಹಿಡಿದ ವಾಹಕ ಒಂದಕ್ಷರ ಹಿಂದಕ್ಕೆ ಜಾರಿದರೆ ಅಲ್ಲಿ ಅದಕ್ಕೆ ಸಿಕ್ಕುವುದು ಮತ್ತೆ 'ಯುಯುಯು'ವೇ! ಏಕೆಂದರೆ ಹಿಂದಿನ ಗುಂಪಿನ ಕೊನೆಯಕ್ಷರವೂ ಯು. ಅದರ ಪಕ್ಕದ ವಾಹಕಕ್ಕೂ ಹಿಡಿತಕ್ಕೆ ಸಾಕಾಗುವಷ್ಟು ಹೊಂದಿಕೆ ಅಲ್ಲಿ ದೊರೆಯುತ್ತದೆ. ಹೀಗಾಗಿ ಜಾರಿದ್ದರ ಅರಿವೇ ಯಂತ್ರಕ್ಕೆ ಆಗುವುದಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಜೀವಲಿಪಿಯಲ್ಲಿ ಮನುಷ್ಯ ಮೊಟ್ಟಮೊದಲು ಅರ್ಥಮಾಡಿಕೊಂಡ ಪದವೂ ಈ 'ಯುಯುಯು'ವೇ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮತ್ತಾಯ್ ಅದನ್ನು ಬಿಡಿಸಿದರು.

ಜಾರುವ ನೆಲವೊಂದೇ ಸಾಲದು. ಜಾರಿಸುವ ಕಾರಣವೂ ಬೇಕು. ತಾಣಕ್ಕೆ ತುಸು ಮುಂದೆ ಆರ್‌ಎನ್‌ಎ ನೂಲು ತನ್ನ ಮೇಲೆ ತಾನೇ ಮಡಿಸಿಕೊಂಡು ಒಂದು ಬಿಗಿಯಾದ ತೊಡಕಾಗಿರುತ್ತದೆ. ಎಳೆದರೆ ಬಿಚ್ಚಿಕೊಳ್ಳುವ ತೊಡಕಾದ್ದರಿಂದ ಅದನ್ನು ಹುಸಿಗಂಟು ಎನ್ನಬಹುದು. ನೂಲಿನ ಮೇಲೆ ಸಾಗಿಬಂದ ರೈಬೋಸೋಮಿಗೆ ಈ ಗಂಟು ಅಡ್ಡವಾಗುತ್ತದೆ. ಗಂಟನ್ನು ಬಿಚ್ಚಲು ಅದು ತಡೆದು ನಿಂತಾಗ ನೂಲು ಬಿಗಿಯುತ್ತದೆ. ಆ ಬಿಗಿತದಲ್ಲಿ ವಾಹಕಗಳು ಒಂದಕ್ಷರ ಹಿಂದಕ್ಕೆ ಸರಿಯುತ್ತವೆ. ಬಳಿಕ ಗಂಟು ಬಿಚ್ಚುತ್ತದೆ, ಓದು ಮುಂದುವರಿಯುತ್ತದೆ. ಆದರೆ ಬೇರೆ ಚೌಕಟ್ಟಿನಲ್ಲಿ. ಆ ಚೌಕಟ್ಟಿನಲ್ಲಿ ಸ್ವಲ್ಪ ದೂರದಲ್ಲೇ ಒಂದು ಪೂರ್ಣವಿರಾಮವಿದೆ. ಪರಿಣಾಮವಾಗಿ ಎನ್‌ಎಸ್-1ಕ್ಕೆ 52 ಅಮೈನೋ ಆಮ್ಲಗಳ ಬಾಲವೊಂದು ಸೇರಿ ಹೊಸ ಪ್ರೋಟೀನು ಹುಟ್ಟುತ್ತದೆ. ಅದಕ್ಕೆ ಎನ್‌ಎಸ್-1 ಪ್ರೈಮ್ ಎಂದು ಹೆಸರು. ಇನ್ನೊಂದು ಫಲವೂ ಉಂಟು: ಜಾರಿದ ಯಂತ್ರ ಬರಹದ ಉಳಿದ ಭಾಗವನ್ನು ಓದುವುದೇ ಇಲ್ಲವಾದ್ದರಿಂದ, ಮೊದಲ ಭಾಗದ ಪ್ರೋಟೀನುಗಳು ಹೆಚ್ಚಾಗಿಯೂ ಕೊನೆಯ ಭಾಗದವು ಕಡಿಮೆಯಾಗಿಯೂ ತಯಾರಾಗುತ್ತವೆ.

ಈ ಬಾಲವುಳ್ಳ ಪ್ರೋಟೀನನ್ನು 1980ರ ದಶಕದಲ್ಲೇ ವಿಜ್ಞಾನಿಗಳು ಕಂಡಿದ್ದರು. ಅದು ಎಲ್ಲಿಂದ ಬಂತೆಂಬುದು ಮಾತ್ರ ಎರಡು ದಶಕ ತಿಳಿಯಲಿಲ್ಲ. ಬರಹವನ್ನು ನೇರವಾಗಿ ಓದಿದರೆ ಅದು ಎಲ್ಲಿಯೂ ಕಾಣುವುದಿಲ್ಲವಷ್ಟೆ! 2009ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿದ್ದ ಆಂಡ್ರೂ ಫರ್ತ್ ಮತ್ತು ಜಾನ್ ಆಟ್ಕಿನ್ಸ್ ಹಲವು ವೈರಸ್ಸುಗಳ ಬರಹಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಿದರು. ಮೆದುಳು ಜ್ವರದ ವೈರಸ್ಸು, ವೆಸ್ಟ್ ನೈಲ್ ಮತ್ತು ಅವುಗಳ ಹತ್ತಿರದ ಬಳಗದಲ್ಲಿ ಆ ಏಳಕ್ಷರಗಳೂ ಹುಸಿಗಂಟೂ ಮಾಸದೆ ಉಳಿದುಬಂದಿರುವುದನ್ನು ಗುರುತಿಸಿ, ಇಲ್ಲಿ ಚೌಕಟ್ಟು ಜಾರುತ್ತಿರಬೇಕೆಂದು ಮುನ್ಸೂಚಿಸಿದರು. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ಸಂಪಾದಕರ ಕೆಲಸಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಮರುವರ್ಷ, 2010ರಲ್ಲಿ, ಪ್ರಯೋಗ ಅದನ್ನು ದೃಢಪಡಿಸಿತು. ವೆಸ್ಟ್ ನೈಲ್ ವೈರಸ್ಸಿನ ಒಂದು ಪ್ರಭೇದದಲ್ಲಿ ಆ ತಾಣವನ್ನು ಕೆಡಿಸಿದಾಗ ಬಾಲದ ಪ್ರೋಟೀನು ಕಾಣೆಯಾಯಿತು. ಜೊತೆಗೆ, ಹೊರಗಿನಿಂದ ಮೆದುಳನ್ನು ಪ್ರವೇಶಿಸುವ ವೈರಸ್ಸಿನ ಸಾಮರ್ಥ್ಯವೂ ಕುಗ್ಗಿತು. ಕೋಲಾರದಲ್ಲಿ ಒಟ್ಟಿಗೆ ಕಾಣಿಸಿಕೊಂಡಿದ್ದ ಆ ಎರಡು ವೈರಸ್ಸುಗಳ ಕೈಯಲ್ಲಿ ಒಂದೇ ಕೀಲಿಕೈ ಇದ್ದಿತು.

ಇದಕ್ಕಿಂತ ಆಶ್ಚರ್ಯದ ಸಂಗತಿ 2012ರಲ್ಲಿ ಹೊರಬಿತ್ತು. ಚೀನಾದಲ್ಲಿ ಈ ಜ್ವರಕ್ಕೆ ಜೀವಂತ ವೈರಸ್ಸಿನ ಲಸಿಕೆಯೊಂದನ್ನು ಬಹಳ ಹಿಂದೆಯೇ ಸಿದ್ಧಪಡಿಸಿದ್ದರು. ಉಗ್ರವಾದ ವೈರಸ್ಸನ್ನು ಪ್ರಾಣಿಕೋಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತ, ಸೌಮ್ಯವಾದುದನ್ನು ಆರಿಸಿಕೊಳ್ಳುತ್ತ ಪಡೆದ ತಳಿ ಅದು. 1988ರಲ್ಲಿ ಚೀನಾದಲ್ಲಿ ಬಳಕೆಗೆ ಅನುಮತಿ ಪಡೆದ ಅದು 2006ರಿಂದ ಭಾರತದ ಪೀಡಿತ ಜಿಲ್ಲೆಗಳ ಮಕ್ಕಳಿಗೂ ದೊರೆಯಿತು. ಅದನ್ನು ತಯಾರಿಸಿದವರಿಗೆ ಚೌಕಟ್ಟು ಜಾರುವ ವಿಷಯ ತಿಳಿದಿರಲಿಲ್ಲ. ತಿಳಿಯುವ ಕಾಲವೂ ಅದಾಗಿರಲಿಲ್ಲ. ಆದರೆ ಅದರ ಬರಹವನ್ನು ಪರಿಶೀಲಿಸಿದಾಗ, ಹುಸಿಗಂಟಿನ ಜಾಗದಲ್ಲಿ 'ಜಿ' ಇರಬೇಕಾದಲ್ಲಿ 'ಎ' ಬಂದಿತ್ತು. ಆ ಒಂದಕ್ಷರದ ವ್ಯತ್ಯಾಸದಿಂದ ಗಂಟು ನಿಲ್ಲದು, ಯಂತ್ರ ಜಾರದು, ಬಾಲದ ಪ್ರೋಟೀನು ಹುಟ್ಟದು. ಲಸಿಕೆಯ ತಳಿ ಸೌಮ್ಯವಾಗಿರುವುದಕ್ಕೆ ಕಾರಣಗಳು ಹಲವು. ಅದರ ಹೊರಕವಚದ ಪ್ರೋಟೀನಿನಲ್ಲಾದ ಬದಲಾವಣೆಗಳೂ ಮುಖ್ಯವಾದವು. ಆ ಹಲವು ಕಾರಣಗಳಲ್ಲಿ ಈ ಒಂದಕ್ಷರವೂ ಒಂದೆಂದು ಸಿದ್ಧವಾಯಿತು.

ಕೋಲಾರದ ಹೆಸರು ಮತ್ತೆ ಬರುವುದು ಇಲ್ಲಿಯೇ. 1980ರ ದಶಕದ ಆರಂಭದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಕೋಲಾರದಲ್ಲಿ ಬೇರ್ಪಡಿಸಿದ ಒಂದು ತಳಿಯನ್ನು ಜೋಪಾನವಾಗಿ ಕಾದಿರಿಸಿದ್ದರು. ಅದರ ಕ್ರಮಸಂಖ್ಯೆ 821564. ಸುಮಾರು ಮೂವತ್ತು ವರ್ಷಗಳ ನಂತರ ಆ ಸಂಸ್ಥೆಯೂ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಯೂ ಸೇರಿ ಅದರಿಂದಲೇ ಲಸಿಕೆಯನ್ನು ಮಾಡಿದವು. 2013ರಲ್ಲಿ ಅದು ಜೆನ್‌ವ್ಯಾಕ್ ಎಂಬ ಹೆಸರಿನಿಂದ ಬಂತು. ಚೀನಾದ್ದು ಪಳಗಿಸಿದ ವೈರಸ್ಸು. ಇದು ಕೊಂದ ವೈರಸ್ಸು. ಕೊಂದ ವೈರಸ್ಸಿನ ಬರಹವನ್ನು ಯಾವ ರೈಬೋಸೋಮೂ ಓದಲಾರದು. ಆದ್ದರಿಂದ ಅಲ್ಲಿ ಜಾರುವ ಪ್ರಶ್ನೆಯೇ ಇಲ್ಲ. ಹೊರಕವಚದ ಪರಿಚಯವಷ್ಟೇ ದೇಹಕ್ಕೆ ಆಗುತ್ತದೆ. ಒಂದು ಕಡೆ ಪುಸ್ತಕದ ಅಪಾಯದ ಪುಟವನ್ನು ತಿದ್ದಿದ್ದಾರೆ. ಇನ್ನೊಂದು ಕಡೆ ಪುಸ್ತಕವನ್ನು ತೆರೆಯದಂತೆ ಮಾಡಿ ಮುಖಪುಟವನ್ನು ಮಾತ್ರ ತೋರಿಸಿದ್ದಾರೆ. ಎರಡರಿಂದಲೂ ದೇಹ ಪಾಠ ಕಲಿಯುತ್ತದೆ.

ಚೌಕಟ್ಟು ಜಾರುವ ಈ ವಿದ್ಯೆ ವೈರಸ್ಸುಗಳ ಸೊತ್ತು ಮಾತ್ರವೆಂದು ಭಾವಿಸಬಾರದು. ಏಡ್ಸ್ ವೈರಸ್ಸೂ ಕೊರೋನಾ ವೈರಸ್ಸೂ ಒಂದಕ್ಷರ ಹಿಂದೆ ಜಾರಿಸಿಯೇ ತಮ್ಮ ಮುಖ್ಯ ಕಿಣ್ವಗಳನ್ನು ಮಾಡಿಸಿಕೊಳ್ಳುತ್ತವೆಂಬುದು ನಿಜ. ಆದರೆ ಬ್ಯಾಕ್ಟೀರಿಯಗಳಲ್ಲಿ ಒಂದು ಚಂದದ ಉದಾಹರಣೆಯಿದೆ. ಪೂರ್ಣವಿರಾಮವನ್ನು ಗುರುತಿಸಿ ಕೆಲಸ ನಿಲ್ಲಿಸುವ ಪ್ರೋಟೀನೊಂದರ ಬರಹದ ನಡುವೆಯೇ ಒಂದು ಪೂರ್ಣವಿರಾಮವಿದೆ. ಆ ಪ್ರೋಟೀನು ಸಾಕಷ್ಟಿದ್ದರೆ ಅಲ್ಲಿಯೇ ಓದು ನಿಲ್ಲುತ್ತದೆ. ಕಡಿಮೆಯಿದ್ದರೆ ಯಂತ್ರ ಅಲ್ಲಿ ಕಾಯುತ್ತ ನಿಂತು, ಒಂದಕ್ಷರ ಮುಂದಕ್ಕೆ ಜಾರಿ, ಬರಹವನ್ನು ಪೂರ್ತಿ ಓದುತ್ತದೆ. ಕಣಜ ಬರಿದಾದಾಗ ಮಾತ್ರ ತಾನಾಗಿ ತೆರೆದುಕೊಳ್ಳುವ ಬಾಗಿಲು ಅದು. ನಮ್ಮ ದೇಹದಲ್ಲಿಯೂ ಆಂಟಿಜೈಮ್ ಎಂಬ ಪ್ರೋಟೀನು ಹುಟ್ಟುವುದು ಇಂಥದೇ ಜಾರುವಿಕೆಯಿಂದ. ಕೋಶದಲ್ಲಿ ಪಾಲಿಅಮೀನುಗಳೆಂಬ ದ್ರವ್ಯಗಳು ಮಿತಿಮೀರದಂತೆ ಅದು ನೋಡಿಕೊಳ್ಳುತ್ತದೆ. ಆದ್ದರಿಂದ ಜಾರುವುದನ್ನು ಒಟ್ಟಾರೆ ದೋಷವೆನ್ನಲಾಗದು. ಯಾರ ಬರಹದಲ್ಲಿ, ಯಾವ ಪ್ರಯೋಜನಕ್ಕಾಗಿ ಎಂಬುದರ ಮೇಲೆ ಅದರ ಗುಣದೋಷ ನಿಂತಿದೆ.

ಜಾರುವುದನ್ನು ತಡೆಯುವ ಔಷಧವಿದ್ದರೆ ಜ್ವರವನ್ನೇ ತಡೆಯಬಹುದಲ್ಲವೇ ಎಂದು ಕೇಳಬಹುದು. ಅಂಥ ಪ್ರಯತ್ನಗಳು ಪ್ರಯೋಗಶಾಲೆಗಳಲ್ಲಿ ನಡೆದಿವೆ. ವೈರಸ್ಸಿನ ಗಂಟನ್ನು ಮಾತ್ರ ಹಿಡಿದು, ನಮ್ಮ ಕೋಶದ ಓದಿಗೆ ಭಂಗ ತರದಂಥ ಅಣು ಬೇಕು, ಕಷ್ಟವಿರುವುದು ಅಲ್ಲಿ. ಮೆದುಳು ಜ್ವರಕ್ಕೆ ನೇರವಾದ ಔಷಧ ಇಂದಿಗೂ ಇಲ್ಲ. ಇರುವುದು ಶುಶ್ರೂಷೆ, ಸೊಳ್ಳೆಯಿಂದ ರಕ್ಷಣೆ, ಊರ ನಡುವಿನಿಂದ ಹಂದಿಗಳನ್ನು ದೂರವಿರಿಸುವುದು, ಎಲ್ಲಕ್ಕೂ ಮಿಗಿಲಾಗಿ ಲಸಿಕೆ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಇನ್ನಷ್ಟು ಜಿಲ್ಲೆಗಳ ಮಕ್ಕಳಿಗೆ ಇದನ್ನು ಹಾಕುವ ಅಭಿಯಾನ ಆರಂಭವಾಯಿತು. ಪೀಡಿತ ಜಿಲ್ಲೆಗಳಲ್ಲಿ ಒಂಬತ್ತು ತಿಂಗಳು ತುಂಬಿದ ಮಗುವಿಗೆ ಮೊದಲ ಸಲ, ಒಂದೂವರೆ ವರ್ಷ ತುಂಬುವ ಹೊತ್ತಿಗೆ ಎರಡನೆಯ ಸಲ ಈ ಲಸಿಕೆ ಹಾಕುತ್ತಾರೆ. ಎರಡನೆಯದನ್ನು ಮರೆಯುವವರು ಉಂಟು, ಮರೆಯಬಾರದು.

ಹಿಂದೊಮ್ಮೆ ನಮ್ಮ ಗಣಿಗಳಲ್ಲಿ ಟನ್ನುಗಟ್ಟಲೆ ಕಲ್ಲನ್ನು ಪುಡಿಮಾಡಿ ಕೆಲವೇ ಗ್ರಾಂ ಚಿನ್ನ ತೆಗೆಯುತ್ತಿದ್ದರು. ಅದರ ಬೆಲೆ ಗೊತ್ತಿದ್ದುದರಿಂದ ಅದನ್ನು ತೂಗಿ, ಬೀಗ ಹಾಕಿ, ಕಾವಲಿಟ್ಟು ಸಾಗಿಸಿದರು. ಕಾಯಿಲೆ ಬಿದ್ದ ಮನೆಗಳಿಂದ ಕೋಲಾರದಲ್ಲಿ ದೊರೆತ ಆ ತಳಿಯ ಬೆಲೆ ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಾದಿಟ್ಟವರು ಮುಂದೊಂದು ದಿನ ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದಲೇ ಕಾದಿಟ್ಟರು. ಹನ್ನೊಂದು ಸಾವಿರ ಅಕ್ಷರಗಳ ಬರಹದಲ್ಲಿ ಒಂದಕ್ಷರದ ಸ್ಥಾನವೆಷ್ಟು ಎಂದು ಯಾರಾದರೂ ಕೇಳಿದರೆ, ಒಂದು ಮಗುವಿನ ಮಾತಿನಷ್ಟು ಎಂದು ಉತ್ತರ ಹೇಳಬಹುದೆಂದು ನನಗೆ ತೋರುತ್ತದೆ.